ಮೂರು ಪಾಯಿಂಟ್ ಎಂಟು

ಹಿತ್ತಿಲ ಕಾಂಕ್ರೀಟಿನ ಮೇಲೆ, ಗೋಡೆಯಿಂದ ನಾಲ್ಕು ಮೊಳ ದೂರ
ಒಂದು ಮಣ್ಣಿನ ಕುಂಡ. ಗಿಡ ನೆಟ್ಟಿಲ್ಲ,
ಬ್ಯಾಟರಿ ಮಲಗಿಸಿದ್ದೇನೆ.
ಪಕ್ಕದಲ್ಲಿ ಒಂದು ಬಕೆಟ್ಟು ಒಣ ಮರಳು,
ಒಂದು ಮಡಚುವ ಕುರ್ಚಿ, ಅದರಲ್ಲಿ ನಾನು.

ವೈಯಾಲಾದ ಸಂಜೆ. ಉಕ್ಕಿನ ಕಾರ್ಖಾನೆಯ ಕೆಂಪು ಧೂಳು
ಚಾರ್ಜರಿನ ಪರದೆಯ ಮೇಲೂ ಕೂತಿದೆ.
ಬೆರಳಲ್ಲಿ ಒರೆಸಿ ಓದುತ್ತೇನೆ:
ಮೂರು ಪಾಯಿಂಟ್ ಏಳು ಒಂದು, ಏಳು ಎರಡು,
ಏಳು ಒಂದು, ಏಳು ಒಂದು.
ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ನಾಲ್ವರು.
ಒಬ್ಬನಿಗೆ ಹೆಚ್ಚು ಬಡಿಸಿ ಇನ್ನೊಬ್ಬನನ್ನು ಮರೆಯಬಾರದು,
ಅದಕ್ಕೇ ಈ ಬಿಳಿ ಪ್ಲಗ್ಗಿನ ಸಣ್ಣ ತಂತಿಗಳು.

ಮರ್ವ್ ಹೇಳಿಕೊಟ್ಟದ್ದು ಇದೆಲ್ಲ.
ನಲವತ್ತು ವರ್ಷ ಕುಲುಮೆಯೊಂದಿಗೆ ಸಂಸಾರ ಮಾಡಿದ ಮುದುಕ,
ನೀಲಾಂಬಿಕೆಯನ್ನು ನೀಲ್ ಎಂದು ಕತ್ತರಿಸಿ ಗಂಡಾಗಿಸಿದವನು.
ಪ್ರತಿ ಬ್ಯಾಟರಿಯ ಬೆನ್ನಿಗೆ ಹುಟ್ಟಿದ ತಾರೀಖು ಬರೆಯುತ್ತಾನೆ.
ಹಾರಿ ಇಳಿದದ್ದನ್ನು ಕೂಡಲೇ ಸಿಕ್ಕಿಸಿದರೆ ಗದರುತ್ತಾನೆ.
ಅವನ ಗದರಿಕೆ ನನ್ನ ತಲೆಯೊಳಗೆ ಕನ್ನಡವಾಗುತ್ತದೆ:
ಓಡಿ ಬಂದ ಕುದುರೆಗೆ ಆಗಲೇ ಹುರುಳಿಯೇ? ಮೈ ಆರಲಿ.

"ನಾಳೆ ಗಾಳಿ. ಈ ವಾರ ಹಾರಾಟ ಇಲ್ಲ.
ತುಂಬಿಡಬೇಡ, ಬರಿದೂ ಮಾಡಬೇಡ.
ಮೂರು ಪಾಯಿಂಟ್ ಎಂಟು. ಅಲ್ಲಿಗೇ ನಿಲ್ಲಿಸು."
ತುಂಬಿದ ಕೊಡ ತುಳುಕುವುದಿಲ್ಲ ಅಂತ ನಮ್ಮಲ್ಲಿ ಗಾದೆ, ಅಂದೆ.
"ಇದೂ ತುಳುಕುವುದಿಲ್ಲ," ಅಂದ. "ಉಬ್ಬುತ್ತದೆ."

ಅವನಿಗೆ ಹೇಳದೆ ಉಳಿದದ್ದು ಒಂದಿದೆ.

ನಾನು ಕೌನ್ಸಿಲ್ಲಿನ ಕಸದ ಲಾರಿ ಓಡಿಸುವವಳು.
ಎರಡು ವರ್ಷದ ಹಿಂದೆ, ಒಂದು ಬುಧವಾರ,
ಯಂತ್ರ ಕಸವನ್ನು ಅದುಮಿದ ಮರುಗಳಿಗೆ
ಹಿಂಬದಿಯ ಕನ್ನಡಿಯಲ್ಲಿ ಹೊಗೆ. ಬಿಳಿ, ದಪ್ಪ,
ಮೂಗಿಗೆ ಒಂಥರಾ ಸಿಹಿ.
ರೇಡಿಯೋ ಕೂಗಿತು: ಸುರಿ, ಎಲ್ಲಿದ್ದೀಯೋ ಅಲ್ಲೇ ಸುರಿ.
ಆಟದ ಮೈದಾನದ ಪಕ್ಕ, ನಡುರಸ್ತೆಯಲ್ಲಿ
ಲಾರಿ ವಾಂತಿ ಮಾಡಿತು.
ಮಗುವಿನ ನ್ಯಾಪಿ, ಪಿಜ್ಜಾ ಡಬ್ಬ, ಒಂಟಿ ಗಮ್‌ಬೂಟು,
ನಡುವೆಲ್ಲೋ ಸೀಟಿ ಹೊಡೆಯುತ್ತಿದ್ದ ಬೆಂಕಿ.
ನೀರು ಹೊಯ್ದರು, ಆರಿತು.
ಹೋಸು ಸುತ್ತುವಷ್ಟರಲ್ಲಿ ಮತ್ತೆ ಹೊತ್ತಿತು.

ಯಾರಿಗೂ ಏನೂ ಆಗಲಿಲ್ಲ. ಯಾರ ಮನೆಯದೆಂದು
ಯಾರೂ ಕೇಳಲಿಲ್ಲ.
ಆದರೆ ಬುಧವಾರದ ಸರದಿಯಲ್ಲಿ ನನ್ನ ಬೀದಿಯೂ ಇದೆ.
ಹಿಂದಿನ ರಾತ್ರಿ, ಡ್ರೋನು ಕೊಂಡ ಹೊಸತು,
ಪುಟ್ಟ ದಿಂಬಿನಂತೆ ಉಬ್ಬಿದ್ದ ಒಂದನ್ನು
ಪೇಪರಿನಲ್ಲಿ ಸುತ್ತಿ, ಹಳಸಿದ ಅನ್ನದ ಜೊತೆ
ತೊಟ್ಟಿಗೆ ಹಾಕಿದ್ದೆ.
ಬೆಳಗ್ಗೆ ನಾನೇ ಲಾರಿಯ ತೋಳು ಚಾಚಿ
ನನ್ನದೇ ತೊಟ್ಟಿಯನ್ನು ಎತ್ತಿ ಸುರುವಿಕೊಂಡೆ.
ಸೆರಗಿಗೆ ಕೆಂಡ ಕಟ್ಟಿಕೊಂಡು ತಿರುಗುತ್ತಾಳೆ ಅಂತ
ಅಜ್ಜಿ ಯಾರನ್ನೋ ಬೈಯುತ್ತಿದ್ದಳು. ಯಾರನ್ನು, ಮರೆತಿದೆ.

ನನ್ನದಿರಬಹುದು. ಮೂವತ್ತು ಬೀದಿಯ ಕಸ,
ಬೇರೆ ಯಾರದೋ ಇರಬಹುದು.
ಈ ‘ಇರಬಹುದು’ ಎರಡು ವರ್ಷದಿಂದ
ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ.

ಈಗ ಮುದಿಯಾದವನ್ನು ನಿಧಾನ ಬರಿದಾಗಿಸಿ
ತುದಿಗಳಿಗೆ ಟೇಪು ಸುತ್ತಿ
ಡಿಪೋದ ಬೇರೆಯದೇ ಪೀಪಾಯಿಗೆ ಕೈಯಾರೆ ಒಪ್ಪಿಸುತ್ತೇನೆ.
ಉಳಿದವು ಮದ್ದುಗುಂಡಿನ ಹಳೆಯ ಪೆಟ್ಟಿಗೆಯಲ್ಲಿ.
ಅದರ ಮುಚ್ಚಳದ ರಬ್ಬರು ಕಿತ್ತದ್ದು ಮರ್ವ್:
ಉಸಿರಾಡಲು ಸಂದಿ ಇಲ್ಲದಿದ್ದರೆ ಪೆಟ್ಟಿಗೆಯೇ ಬಾಂಬು.
ಅದನ್ನಿಡುವುದು ತೆಂಕಣ ಗೋಡೆಯ ನೆರಳಿಗೆ;
ಈ ದೇಶದಲ್ಲಿ ನಡುಹಗಲ ಸೂರ್ಯ ಬಡಗಣಕ್ಕೆ ವಾಲುತ್ತಾನೆ,
ಇದು ರೂಢಿಯಾಗಲು ನನಗೆ ವರ್ಷಗಳೇ ಬೇಕಾದವು.

ಏಳು ನಿಮಿಷದ ಹಾರಾಟ, ಅದಕ್ಕೆ ಇಷ್ಟು ಹೊತ್ತಿನ ಕಾವಲು.
ಹುಚ್ಚು ಅನ್ನುತ್ತಾಳೆ ಪಕ್ಕದ ಮನೆಯ ಬ್ರಾನ್ವೆನ್,
ಬೇಲಿಯಾಚೆಯಿಂದ, ಬಟ್ಟೆ ತೆಗೆಯುತ್ತ.
ಅವಳು ಸಮುದ್ರವನ್ನು ಅಷ್ಟೆತ್ತರದಿಂದ ನೋಡಿಲ್ಲ,
ಉಪ್ಪಿನ ಅಂಚು, ಮ್ಯಾಂಗ್ರೋವಿನ ಹಸಿರು,
ದಡದಲ್ಲಿ ಕತ್ತೆತ್ತಿ ನಿಂತ ಚುಕ್ಕೆಯಷ್ಟು ನನ್ನನ್ನು.

ಕುಂಡದ ಹೊರಮೈಗೆ ಅಂಗೈ ಹಚ್ಚುತ್ತೇನೆ. ತಣ್ಣಗಿದೆ.
ಒಳಗೆ ಫೋನು ಬಡಿದುಕೊಳ್ಳುತ್ತಿದೆ.
ಬಡಿದುಕೊಳ್ಳಲಿ.
ಮೂರು ಪಾಯಿಂಟ್ ಏಳು ಒಂಬತ್ತು.